ಎರಡು ನುಡಿಗಳ ಬಾಳುವೆ ಮತ್ತು ಮುಪ್ಪಿನ ಮರೆವು



ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪ್ರವೇಶದ ದಿನಗಳು ಬಂದೊಡನೆ ಪಾಲಕರಿಂದ ಕೇಳಿಬರುವ ಮಾತೊಂದುಂಟು: ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು, ಎಳೆಯ ತಲೆಗೆ ಇಷ್ಟೊಂದು ಹೊರೆ ಏಕೆ? ಕಾಸರಗೋಡಿನಲ್ಲಿ ತುಳು ಮಲಯಾಳಗಳನ್ನು, ಹೊಸೂರಿನಲ್ಲಿ ತೆಲುಗು ತಮಿಳುಗಳನ್ನು, ಅಕ್ಕಲಕೋಟೆಯಲ್ಲಿ ಮರಾಠಿಯನ್ನು ಮುಂದಿಟ್ಟುಕೊಂಡು ಬರುವ ಪ್ರಶ್ನೆ ಇದೊಂದೇ. ಶಿಕ್ಷಣಶಾಸ್ತ್ರ ಇದಕ್ಕೆ ಕೊಡುವ ಉತ್ತರಗಳು ತಮಗೆ ಪರಿಚಿತವೇ ಆಗಿವೆ. ಆದರೆ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುವ ಒಂದು ಮಹತ್ವದ ಸಂಶೋಧನೆ ನಡೆದದ್ದು ಶಾಲೆಯಲ್ಲಲ್ಲ, ವೃದ್ಧರ ನೆನಪಿನ ಕಾಯಿಲೆಗೆ ಮೀಸಲಾದ ಒಂದು ಚಿಕಿತ್ಸಾಲಯದಲ್ಲಿ.

ಡಾ. ಸುವರ್ಣಾ ಅಲ್ಲಾಡಿಯವರು ನರರೋಗ ತಜ್ಞೆ. ಈಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿರುವ ಅವರು ಅದಕ್ಕೆ ಮುನ್ನ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಕನ್ನಡಿಗರು ಅರಳುಮರಳು ಎಂದು ಹೇಳಿ ವಯಸ್ಸಿನ ಖಾತೆಗೆ ಹಾಕಿ ಸುಮ್ಮನಾಗುವ ಸ್ಥಿತಿಯ ಹಿಂದೆ ಅನೇಕ ವೇಳೆ ಡಿಮೆನ್ಶಿಯಾ ಎಂಬ ನಿಜವಾದ ಮೆದುಳಿನ ರೋಗವಿರುತ್ತದೆ. ಅಂಥ 648 ಮಂದಿ ರೋಗಿಗಳ ದಾಖಲೆಗಳನ್ನು ಅಲ್ಲಾಡಿ ಮತ್ತು ಅವರ ಸಂಗಡಿಗರು ಪರಿಶೀಲಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದ ಥಾಮಸ್ ಬಾಕ್ ಅವರೂ ಆ ತಂಡದಲ್ಲಿದ್ದರು. ರೋಗಿಗಳಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆಗಳಲ್ಲಿ ವ್ಯವಹರಿಸುವವರು. ಉಳಿದವರು ಒಂದೇ ಭಾಷೆಯವರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಏಕಭಾಷಿಕರಲ್ಲಿ ರೋಗಲಕ್ಷಣ ಕಾಣಿಸಿಕೊಂಡ ಸರಾಸರಿ ವಯಸ್ಸು 61.1 ವರ್ಷ, ದ್ವಿಭಾಷಿಕರಲ್ಲಿ 65.6. ಅಂದರೆ ನಾಲ್ಕೂವರೆ ವರ್ಷಗಳ ಅಂತರ. ಈ ರೋಗಕ್ಕೆ ಬೇರು ಕೀಳುವ ಔಷಧ ಇಲ್ಲದಿರುವಾಗ, ಮನೆಯವರ ಗುರುತು ತಪ್ಪದೆ ಬದುಕುವ ನಾಲ್ಕೂವರೆ ವರ್ಷಗಳು ಎಂದರೆ ಏನೆಂಬುದನ್ನು ಅಂಥ ವೃದ್ಧರನ್ನು ನೋಡಿಕೊಂಡವರೇ ಬಲ್ಲರು.

ಇಂಥದೊಂದು ಮಾತನ್ನು ಹೈದರಾಬಾದಿಗಿಂತ ಮೊದಲೇ ಕೆನಡಾದ ಟೊರೊಂಟೊದಲ್ಲಿ ಎಲೆನ್ ಬಿಯಾಲಿಸ್ಟಾಕ್ ಅವರ ತಂಡ 2007ರಲ್ಲಿ ಹೇಳಿತ್ತು. ಆದರೆ ಅಲ್ಲಿನ ದ್ವಿಭಾಷಿಕರಲ್ಲಿ ಬಹುಮಂದಿ ಹೊರದೇಶಗಳಿಂದ ವಲಸೆ ಬಂದವರು. ಗಟ್ಟಿ ದೇಹ, ಗಟ್ಟಿ ಮನಸ್ಸು ಉಳ್ಳವರೇ ತಾನೆ ದೇಶ ಬಿಟ್ಟು ದೇಶಕ್ಕೆ ಹೋಗುವವರು? ಹಾಗಿದ್ದರೆ ರೋಗವನ್ನು ತಡೆಹಿಡಿದದ್ದು ಭಾಷೆಯೋ, ಆ ಗಟ್ಟಿತನವೋ? ಮತ್ತೆ ಅನೇಕ ದೇಶಗಳಲ್ಲಿ ಎರಡನೆಯ ಭಾಷೆ ಬರುವುದು ಶಾಲೆಯಿಂದ. ಆಗ ಶ್ರೇಯಸ್ಸು ಓದಿಗೆ ಸಲ್ಲಬೇಕೋ, ನುಡಿಗೋ?

ಈ ಗಂಟನ್ನು ಬಿಡಿಸಲು ಹೈದರಾಬಾದಿಗಿಂತ ತಕ್ಕ ಊರು ಸಿಗುವುದು ಕಷ್ಟ. ಅಲ್ಲಿ ತೆಲುಗರು ದಖನಿಯನ್ನೂ ದಖನಿಯವರು ತೆಲುಗನ್ನೂ ಕಲಿತದ್ದು ವಲಸೆ ಹೋಗಿ ಅಲ್ಲ. ಒಂದೇ ಓಣಿಯಲ್ಲಿ ತಲೆಮಾರುಗಳಿಂದ ಬಾಳಿ. ತರಕಾರಿ ಕೊಳ್ಳುವಾಗ, ಗಿರಣಿಯ ಮುಂದೆ ಸರದಿ ನಿಂತಾಗ, ನೆರೆಮನೆಯ ಮದುವೆಯಲ್ಲಿ ಬಂದ ಭಾಷೆ ಅದು. ಆದುದರಿಂದಲೇ ಶಾಲೆಯ ಮುಖ ಕಾಣದ ದ್ವಿಭಾಷಿಕರು ಅಲ್ಲಿ ಬೇಕಾದಷ್ಟಿದ್ದರು. ಅನಕ್ಷರಸ್ಥರನ್ನಷ್ಟೇ ಬೇರ್ಪಡಿಸಿ ನೋಡಿದಾಗ ಅಂತರ ಅಳಿಸಿಹೋಗಲಿಲ್ಲ. ಆರು ವರ್ಷಗಳಿಗೆ ಏರಿತು! ಉದ್ಯೋಗ, ಲಿಂಗ, ಹಳ್ಳಿ-ಪಟ್ಟಣಗಳ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದಾಗಲೂ ಅಂತರ ನಿಂತಿತು. ಅಕ್ಷರವನ್ನೇ ಅನ್ನವಾಗಿಸಿಕೊಂಡ ಶಿಕ್ಷಕರಿಗೆ ಈ ಅಂಶ ತುಸು ಇರುಸುಮುರುಸು ಉಂಟುಮಾಡಬಹುದು. ಮಾಡಿದರೆ ಒಳ್ಳೆಯದೇ.

ಇಲ್ಲಿ ದ್ವಿಭಾಷಿಕ ಎಂದರೆ ಯಾರು? ವ್ಯಾಕರಣ ತಪ್ಪದೆ ಎರಡು ಭಾಷೆ ಬರೆಯುವವನಲ್ಲ. ಅಲ್ಲಾಡಿಯವರ ತಂಡ ಮನಶ್ಶಾಸ್ತ್ರಜ್ಞ ಅಜಿತ್ ಮೊಹಾಂತಿಯವರ ಲಕ್ಷಣವನ್ನು ಬಳಸಿಕೊಂಡಿತು: ತನ್ನ ಮತ್ತು ಸಮಾಜದ ನಿತ್ಯದ ಅಗತ್ಯಗಳನ್ನು ಎರಡು ಅಥವಾ ಹೆಚ್ಚು ಭಾಷೆಗಳಲ್ಲಿ ನಿರ್ವಹಿಸಬಲ್ಲವನೇ ದ್ವಿಭಾಷಿಕ. ಈ ಅಳತೆಯಂತೆ ತಾಳವಾಡಿಯ ಸಂತೆಗೆ ಬರುವ ಅಜ್ಜಿಯೂ ದ್ವಿಭಾಷಿಕಳೇ. ಭಾಷಾಪರೀಕ್ಷೆಯಲ್ಲಿ ಹತ್ತು ಅಂಕ ಪಡೆದು ತಲೆತಗ್ಗಿಸಿದ ಹುಡುಗ ಸಂಜೆ ಅಂಗಡಿಯಲ್ಲಿ ಗಿರಾಕಿಗಳೊಡನೆ ಅದೇ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದರೆ ಅವನೂ ದ್ವಿಭಾಷಿಕನೇ.

ಮೆದುಳಿನಲ್ಲಿ ನಡೆಯುವುದಾದರೂ ಏನು? ಎರಡು ಭಾಷೆ ಬಲ್ಲವನು ಒಂದನ್ನು ಆಡುವಾಗ ಇನ್ನೊಂದು ನಿದ್ರಿಸುವುದಿಲ್ಲ. ಅದೂ ನಾಲಿಗೆಯ ತುದಿಯವರೆಗೆ ಬಂದು ನಿಲ್ಲುತ್ತದೆ. ಎದುರಿಗಿರುವವರು ಯಾರೆಂದು ನೋಡಿ ಒಂದನ್ನು ಮುಂದೆ ಬಿಟ್ಟು ಮತ್ತೊಂದನ್ನು ತಡೆಹಿಡಿಯುವ ಕೆಲಸ ದಿನಕ್ಕೆ ನೂರಾರು ಸಲ ನಡೆಯುತ್ತದೆ. ಗಮನವನ್ನು ಹಿಡಿದಿಡುವ, ಬೇಡವಾದದ್ದನ್ನು ತಳ್ಳುವ ಶಕ್ತಿಗೆ ಇದು ಜೀವಮಾನದ ಸಾಧನೆ. ಹೀಗೆ ಕೂಡಿಬಂದ ಸಾಮರ್ಥ್ಯವನ್ನು ವಿಜ್ಞಾನಿಗಳು ಅರಿವಿನ ಮೀಸಲು ಎನ್ನುತ್ತಾರೆ. ರೋಗ ಒಳಗೆ ಬೆಳೆಯುತ್ತಲೇ ಇರುತ್ತದೆ. ಮೀಸಲು ಇದ್ದವನು ಹೆಚ್ಚು ಕಾಲ ತಾಳಿಕೊಳ್ಳುತ್ತಾನೆ. ಅದೇ ತಂಡ ಪಾರ್ಶ್ವವಾಯು ಬಡಿದ 608 ಮಂದಿಯನ್ನು ಪರಿಶೀಲಿಸಿದ ಅಧ್ಯಯನ ಈ ವಿವರಣೆಗೆ ಪೂರಕವಾಗಿದೆ. ಆಘಾತದ ತರುವಾಯ ಅರಿವಿನ ಶಕ್ತಿ ಸಹಜವಾಗಿ ಉಳಿದದ್ದು ದ್ವಿಭಾಷಿಕರಲ್ಲಿ ಶೇ. 40.5ರಷ್ಟು ಮಂದಿಗೆ, ಏಕಭಾಷಿಕರಲ್ಲಿ ಶೇ. 19.6ರಷ್ಟು ಮಂದಿಗೆ ಮಾತ್ರ. ಆದರೆ ಮಾತೇ ಬಿದ್ದುಹೋದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡು ಭಾಷೆಗಳ ಬಳಕೆ ಕಾಪಾಡಿದ್ದು ಮಾತನ್ನಲ್ಲ. ಮಾತಿನ ಆಚೆಗಿನ ಗಮನ, ವಿವೇಚನೆಗಳನ್ನು ಎಂದಾಯಿತು.

ಪಾಲಕರ ಮುಂದೆ ಇದನ್ನು ಹೇಳುವಾಗ ಶಿಕ್ಷಕರು ಎಚ್ಚರ ತಪ್ಪಬಾರದು. ಎರಡು ಭಾಷೆ ಬಂದರೆ ಡಿಮೆನ್ಶಿಯಾ ಬರುವುದಿಲ್ಲ ಎಂದು ಅಧ್ಯಯನ ಹೇಳುವುದಿಲ್ಲ. ಅಲ್ಲಿದ್ದ 391 ಮಂದಿಗೂ ಅದು ಬಂದಿತ್ತಷ್ಟೆ. ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭವೂ ಅಲ್ಲಿ ಕಾಣಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಸ್ಪ್ಯಾನಿಷ್ ಮಾತನಾಡುವ ವಲಸಿಗ ವೃದ್ಧರನ್ನು ಬಹುಕಾಲ ಅನುಸರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ದ್ವಿಭಾಷಿಕತೆಯ ಇಂಥ ಪ್ರಯೋಜನ ಕಂಡುಬರಲಿಲ್ಲ. ವಿದ್ವಾಂಸರ ವಾದ ಮುಗಿದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಈ ಸಂಶೋಧನೆ ಕನ್ನಡದ ಪರವಾಗಿ ವಕಾಲತ್ತು ವಹಿಸಿಲ್ಲ. ಅದು ಎತ್ತಿಹಿಡಿಯುವುದು ಎರಡು ನುಡಿಗಳ ನಡುವಿನ ನಿತ್ಯದ ಓಡಾಟವನ್ನು. ರಾಜ್ಯಭಾಷೆಗಾಗಿ ಕನ್ನಡವನ್ನು ಬಿಡಿಸುವ ಮನೆಗೆ ಅದು ಎಷ್ಟು ಪ್ರತಿಕೂಲವೋ, ತರಗತಿಯಲ್ಲಿ ಮರಾಠಿಯೋ ಮಲಯಾಳವೋ ಬಾಯಿಗೆ ಬಂದೊಡನೆ ಮಗುವನ್ನು ಗದರುವ ಕನ್ನಡ ಶಾಲೆಗೂ ಅಷ್ಟೇ ಪ್ರತಿಕೂಲ.

ಇವೆಲ್ಲ ವೃದ್ಧರ ಮಾತಾಯಿತು, ಮಕ್ಕಳ ಗತಿ ಏನು ಎಂದು ಪಾಲಕರು ಕೇಳಿದರೆ ಮೊಹಾಂತಿಯವರ ಮೊದಲಿನ ಕೆಲಸವನ್ನು ನೆನೆಯಬೇಕು. ಒಡಿಶಾದ ಕೊಂಧರಲ್ಲಿ ಕೆಲವರು ತಮ್ಮ ಕುಯಿ ನುಡಿಯನ್ನು ಕಳೆದುಕೊಂಡು ಒಡಿಯಾ ಒಂದನ್ನೇ ಆಡುತ್ತಿದ್ದರು. ಇನ್ನು ಕೆಲವರು ಎರಡನ್ನೂ ಉಳಿಸಿಕೊಂಡಿದ್ದರು. ಕುಲ ಒಂದೇ, ಸಂಸ್ಕೃತಿ ಒಂದೇ. ಎರಡನ್ನೂ ಉಳಿಸಿಕೊಂಡ ಕಡೆಯ ಮಕ್ಕಳು ಬುದ್ಧಿಯ ಮತ್ತು ಭಾಷಾಪ್ರಜ್ಞೆಯ ಪರೀಕ್ಷೆಗಳಲ್ಲಿ ಮುಂದಿದ್ದರು. ಹೊರೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಇನ್ನೊಂದು ಸಂಗತಿ ಗಡಿನಾಡಿನ ಕನ್ನಡಿಗರಿಗೆ ತೀರ ಹತ್ತಿರದ್ದು. ನೆನಪಿನ ರೋಗವನ್ನು ಗುರುತಿಸುವ ಪರೀಕ್ಷೆಗಳು ಬಹುಪಾಲು ಭಾಷೆಯ ಮೂಲಕವೇ ನಡೆಯುತ್ತವೆ, ಮೂಲತಃ ಇಂಗ್ಲಿಷಿನಲ್ಲಿ ರೂಪುಗೊಂಡವು. ಐದಕ್ಷರದ ಒಂದು ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಹೇಳಿಸುವುದು ಅಲ್ಲಿನ ರೂಢಿ. ಕನ್ನಡದಲ್ಲಿ ‘ಪ್ರಪಂಚ’ ಎಂಬುದನ್ನು ತಿರುಗಿಸಿ ಹೇಳು ಎಂದರೆ ಒತ್ತಕ್ಷರವೂ ಸೊನ್ನೆಯೂ ಎಲ್ಲಿಗೆ ಹೋಗಬೇಕು? ಅಕ್ಷರವನ್ನೇ ಅರಿಯದವರಿಗಂತೂ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಅಲ್ಲಾಡಿಯವರೂ ಸೇರಿದ ತಂಡವೊಂದು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಗಳಲ್ಲಿ, ಅನಕ್ಷರಸ್ಥರಿಗೂ ಹೊಂದುವಂತೆ, ಪರೀಕ್ಷೆಗಳ ಒಂದು ಕಟ್ಟನ್ನು ಸಿದ್ಧಪಡಿಸಿದೆ. ಆದರೆ ಸೊಲ್ಲಾಪುರದ ಆಸ್ಪತ್ರೆಗೆ ಹೋದ ಕನ್ನಡದ ಅಜ್ಜನಿಗೆ ಮರಾಠಿಯಲ್ಲೇ ಪ್ರಶ್ನೆ ಕೇಳಿದರೆ, ಅವನು ತಡವರಿಸುವುದು ರೋಗದಿಂದಲೋ ಭಾಷೆಯಿಂದಲೋ ಎಂದು ವೈದ್ಯರಿಗೆ ತಿಳಿಯುವುದು ಹೇಗೆ?

ಅಂಥ ಹೊತ್ತಿನಲ್ಲಿ ದುಭಾಷಿಯಾಗಿ ಜೊತೆಗೆ ಬರಬೇಕೆಂದು ಮನೆಯವರು ಕೇಳಿಕೊಳ್ಳುವುದು ಊರಿನ ಕನ್ನಡ ಮೇಷ್ಟರನ್ನೇ. ಹೋದವರು ಪ್ರಶ್ನೆಯನ್ನು ಇದ್ದಂತೆ ಕನ್ನಡಕ್ಕೆ ತರಬೇಕು, ಉತ್ತರವನ್ನು ತಪ್ಪಿದ್ದರೆ ತಪ್ಪಿದ್ದಂತೆಯೇ ಒಪ್ಪಿಸಬೇಕು. ತರಗತಿಯ ಅಭ್ಯಾಸಬಲದಿಂದ ಮೊದಲಕ್ಷರದ ಸುಳಿವು ಕೊಡುವುದು, ತಿದ್ದುವುದು, ಶಹಬ್ಬಾಸ್ ಎನ್ನುವುದು ಸಲ್ಲದು. ಅದರಿಂದ ರೋಗ ಮರೆಯಾಗಿ ಕುಳಿತುಬಿಡುತ್ತದೆ. ಅಜ್ಜನು ಬಾಲ್ಯದಲ್ಲಿ ಯಾವ ನುಡಿ ಆಡಿದನು, ದುಡಿಮೆಯಲ್ಲಿ ಯಾವುದು, ಈಚೆಗೆ ಯಾವುದರಲ್ಲಿ ಪದಗಳು ಕೈಕೊಡುತ್ತಿವೆ ಎಂಬುದನ್ನು ಮನೆಯವರಿಂದ ಕೇಳಿ ಬರೆದುಕೊಂಡು ಹೋಗಿ ವೈದ್ಯರ ಕೈಗೆ ಕೊಡಬೇಕು.