ಮೀನನ್ನು ಬರೆದ ಕೈ



ಯಂತ್ರಗಳ ಊರೆಂದೇ ಹೆಸರಾದ ಈ ಪೀಣ್ಯದಲ್ಲಿ ಜಲಚರಗಳ ಚಿತ್ರಣವನ್ನು ಕುರಿತು ವಿಚಾರಸಂಕಿರಣ ನೆರೆಯುವುದು ಕೆಲವರಿಗೆ ಸೋಜಿಗವಾಗಿ ತೋರಬಹುದು, ಸಮುದ್ರವಿರುವುದು ಘಟ್ಟದಾಚೆ. ಆದರೆ ನಕ್ಷೆಯ ಗೆರೆಯೊಂದು ಕೂದಲೆಳೆಯಷ್ಟು ತಪ್ಪಿದರೂ ಲೇತಿನ ಮೇಲಿನ ಜಾಬು ಕೆಟ್ಟುಹೋಗುವುದೆಂದು ನಿತ್ಯಾನುಭವದಿಂದ ಬಲ್ಲ ಜನರ ನೆರೆಯಲ್ಲಿ ನಿಂತಿರುವುದರಿಂದ, ನಾನು ಹೇಳಬೇಕೆಂದಿರುವ ಮಾತಿಗೆ ಇದೇ ತಕ್ಕ ಸ್ಥಳವೆಂದು ನಂಬಿದ್ದೇನೆ.

ಕಾರವಾರದಿಂದ ಮಂಗಳೂರಿನವರೆಗೆ ಮೀನುಣ್ಣುವ ಬಡವಬಲ್ಲಿದರೆಲ್ಲರ ಅಡಿಗೆಮನೆಯನ್ನೂ ಪ್ರವೇಶಿಸುವ, ಹಿಂದೆ ಊರಿನ ಜನವೆಲ್ಲ ದಡದಲ್ಲಿ ನಿಂತು ರಂಪಣಿ ಬಲೆಯೆಳೆದು ರಾಶಿಹಾಕುತ್ತಿದ್ದ ಬಂಗುಡೆಯನ್ನು ಪ್ರಾಣಿಶಾಸ್ತ್ರಜ್ಞರು ರಾಸ್ಟ್ರೆಲ್ಲಿಜರ್ ಕನಗುರ್ತ ಎಂದು ಕರೆಯುವರು. 1816ರಲ್ಲಿ ಫ್ರಾನ್ಸಿನ ಕ್ಯುವಿಯೆ ಈ ಜಾತಿಗೆ ನಾಮಕರಣ ಮಾಡುವಾಗ ಆಧಾರವಾಗಿ ಹಿಡಿದುದು ಶೀಸೆಯಲ್ಲಿ ಕಾದಿಟ್ಟ ಮೀನನ್ನಲ್ಲ, ಪ್ಯಾಟ್ರಿಕ್ ರಸೆಲನ ಗ್ರಂಥದ 136ನೆಯ ಚಿತ್ರಫಲಕವನ್ನು. ಈ ರಸೆಲನು ಕೊಳಕುಮಂಡಲದ ಹಾವಿಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೊಟ್ಟ ವೈದ್ಯನೇ ಅಹುದು. 1780ರ ದಶಕದಲ್ಲಿ ವಿಶಾಖಪಟ್ಟಣದ ಕಡಲತಡಿಯಲ್ಲಿದ್ದು, ಅಲ್ಲಿ ದೊರೆತ ಇನ್ನೂರು ಮೀನುಗಳ ವರ್ಣನೆಯನ್ನೂ ಚಿತ್ರಗಳನ್ನೂ 1803ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದನು. ಚಿತ್ರಗಳನ್ನು ಬರೆದವನು ಮಾತ್ರ ಆತನಲ್ಲ. ಅವು ಈ ದೇಶದ ಚಿತ್ರಕಾರನೊಬ್ಬನ ಕೈಕೆಲಸ.

ಆ ಕೆಲಸದ ಕಾಠಿಣ್ಯವನ್ನು ಕೊಂಚ ಪರಿಭಾವಿಸೋಣ. ಬಲೆಯಿಂದ ಆಗತಾನೆ ಬಂದ ಬಂಗುಡೆಯ ಬೆನ್ನು ನೀಲಹರಿತವಾಗಿ ಹೊಳೆಯುವುದು. ಬೆನ್ನಿನುದ್ದಕ್ಕೂ ಕಿರಿದಾದ ಕಪ್ಪು ಪಟ್ಟೆಗಳು, ಎದೆಯ ಈಜುರೆಕ್ಕೆಯ ಕೆಳಅಂಚಿನ ಬಳಿ ಒಂದು ಕಪ್ಪು ಬೊಟ್ಟು, ಬಾಲದ ಕಡೆಗೆ ಮೇಲೆ ಐದು, ಕೆಳಗೆ ಐದು ಪುಟ್ಟ ಕಿರುರೆಕ್ಕೆಗಳು. ಆ ಹೊಳಪು ನಿಲ್ಲುವುದು ಸ್ವಲ್ಪ ಹೊತ್ತು. ಬಿಸಿಲೇರಿದಂತೆ ಕಣ್ಣು ಮಂಕಾಗಿ, ಬಣ್ಣ ಬೂದಿಗೆ ತಿರುಗಿ, ಮೈ ಸಡಿಲಗೊಳ್ಳುವುದು. ಮದ್ಯಸಾರದಲ್ಲಿ ಮುಳುಗಿಸಿದರೆ ಆಕಾರವುಳಿದರೂ ವರ್ಣವುಳಿಯದು. ಆದಕಾರಣ ಚಿತ್ರಕಾರನು ಕೊಳೆಯುವಿಕೆಯೊಡನೆ ಪಂಥ ಕಟ್ಟಿ, ಕಿರುರೆಕ್ಕೆಗಳನ್ನು ಎಣಿಸಿ, ಉದ್ದಗಲಗಳನ್ನು ಅಳೆದು, ಅಂದವಾಗಿ ಕಾಣಲೆಂದು ಒಂದು ಮುಳ್ಳನ್ನೂ ಹೆಚ್ಚಿಸದೆ ಬರೆಯಬೇಕು. ಅವನು ನಾಲ್ಕು ಕಿರುರೆಕ್ಕೆ ಬರೆದಿದ್ದರೆ, ಮುಂದೆ ಆ ಪುಟವನ್ನು ನಂಬಿದ ವಿದ್ವಾಂಸರೆಲ್ಲರೂ ನಾಲ್ಕೆಂದೇ ನಂಬುತ್ತಿದ್ದರು. ಚಿತ್ರವು ಶಾಸ್ತ್ರಕ್ಕೆ ಅಲಂಕಾರವೆಂಬ ಭಾವನೆ ನಮ್ಮ ವಿದ್ಯಾಲಯಗಳಲ್ಲಿ ಇನ್ನೂ ಇದೆ. ನನ್ನ ದೃಷ್ಟಿಯಲ್ಲಿ ಚಿತ್ರವೇ ಅಲ್ಲಿ ಸಾಕ್ಷಿ.

1800-01ರಲ್ಲಿ ಮೈಸೂರು ಸೀಮೆಯನ್ನೂ ಕನ್ನಡ ಜಿಲ್ಲೆಯನ್ನೂ ಸಂಚರಿಸಿ ನಮ್ಮ ಕೃಷಿ, ವಾಣಿಜ್ಯಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕ್ಯಾನನನು 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಹೊರತಂದಾಗಲೂ ಇದೇ ಸ್ಥಿತಿಯಿತ್ತು. ಆತನು ವರ್ಣಿಸಿದ ಮೀನುಗಳ ಮಾದರಿಗಳು ಉಳಿಯಲಿಲ್ಲವಾಗಿ, ಒಂದು ಶತಮಾನ ಕಳೆದ ಮೇಲೆ, 1929ರಲ್ಲಿ, ಸುಂದರ್ ಲಾಲ್ ಹೋರಾ ಅವರು ಆ ಜಾತಿಗಳನ್ನು ನಿರ್ಧರಿಸಲು ಕಲ್ಕತ್ತೆಯಲ್ಲಿ ಉಳಿದುಬಂದಿದ್ದ ಹಳೆಯ ಚಿತ್ರಗಳನ್ನೇ ಆಶ್ರಯಿಸಬೇಕಾಯಿತು. ಬುಕ್ಯಾನನನಿಗಾಗಿ ಪ್ರಾಣಿಗಳನ್ನು ಬರೆದವರಲ್ಲಿ ಹಲುದಾರ್ ಎಂಬ ವಂಗದೇಶೀಯನ ಹೆಸರು ಉಳಿದಿದೆ. ಲಾಲ್‌ಬಾಗಿನ ಸಸ್ಯಗಳನ್ನು ಬರೆದ ಚೆಲುವಯ್ಯ ರಾಜು ಅವರ ಹೆಸರೂ ಪುಣ್ಯವಶಾತ್ ಉಳಿದಿದೆ. ಅಮೆರಿಕದ ಸ್ಟ್ಯಾನ್ಲಿ ಮೆಲ್ಟ್ಸಾಫ್ (1917-2006) ಪತ್ರಿಕೆಗಳಿಗೂ ಪುಸ್ತಕದ ರಕ್ಷಾಪುಟಗಳಿಗೂ ಚಿತ್ರ ಬರೆದು ಜೀವನ ಸಾಗಿಸಿ, ಆಮೇಲೆ ಸ್ವತಃ ಕಡಲಿಗಿಳಿದು ಮೀನನ್ನು ಅದರ ಲೋಕದಲ್ಲಿಯೇ ಕಂಡು ಚಿತ್ರಿಸಿದ; ಅವನ ಬಾಳುವೆಯನ್ನು ನಾವು ಮೊದಲಿನಿಂದ ಕೊನೆಯವರೆಗೆ ಓದಬಲ್ಲೆವು, ಏಕೆಂದರೆ ಅವನ ಕೃತಿಗಳಲ್ಲಿ ಅವನ ಅಂಕಿತವಿದೆ. ರಸೆಲನಿಗಾಗಿ ಬಂಗುಡೆಯನ್ನು ಬರೆದ ಆ ಚಿತ್ರಕಾರನ ಕಣ್ಣು ಇವನ ಕಣ್ಣಿಗೆ ಕಡಮೆಯದಾಗಿತ್ತೆಂದು ನಾನು ಭಾವಿಸಲಾರೆ.

ಇಲ್ಲಿಯ ಯಾವ ಕಾರ್ಖಾನೆಗೆ ಹೋಗಿ ಡ್ರಾಯಿಂಗನ್ನು ಬಿಡಿಸಿ ನೋಡಿದರೂ ಬಲಗಡೆಯ ಕೆಳಮೂಲೆಯ ಚೌಕದಲ್ಲಿ ಬರೆದವರು, ಪರಿಶೀಲಿಸಿದವರು, ಒಪ್ಪಿದವರು ಎಂದು ಮೂರು ಸಹಿಗಳಿಗೆ ಸ್ಥಳವಿರುವುದು. ಒಂದು ಬೋಲ್ಟಿನ ನಕ್ಷೆಗೆ ಸಲ್ಲುವ ಈ ಮರ್ಯಾದೆ ನಮ್ಮ ಪಠ್ಯಪುಸ್ತಕಗಳಲ್ಲಿನ ಕಡಲಾಮೆಗೂ ಶಾಲೆಯ ಗೋಡೆಯ ಮೀನಿನ ಪಟಕ್ಕೂ ಏಕೆ ಸಲ್ಲಬಾರದು? ಸಂಶೋಧನಾ ಸಂಸ್ಥೆಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಜೀವಮಾನವೆಲ್ಲ ಕುಳಿತು ಬರೆದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮೂಲಚಿತ್ರಗಳು ಯಾವ ಕಪಾಟಿನಲ್ಲಿವೆ, ಯಾವ ಪುಟಕ್ಕೆ ಯಾರು ಬರೆದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿಕೊಳ್ಳಲು ಇನ್ನೂ ಕಾಲ ಮೀರಿಲ್ಲ. ಇಂದಿನ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರು ತಾವು ತೋರಿಸುವ ಪ್ರತಿಯೊಂದು ಚಿತ್ರದೊಡನೆ ಅದನ್ನು ಬರೆದವರ ಹೆಸರನ್ನೂ ಹೇಳಿಯೇ ಮುಂದುವರಿಯಬೇಕೆಂದು ವಿನಂತಿಸಿಕೊಂಡು, ಈ ವಿಚಾರಸಂಕಿರಣವನ್ನು ಸಂತೋಷದಿಂದ ನಿಮಗೆ ಒಪ್ಪಿಸುತ್ತೇನೆ.