ಸ್ತ್ರೀಯರ ಉರಿಮೂತ್ರ



ಹೆಂಗಸರು ತಮ್ಮತಮ್ಮೊಳಗೆ ಪಿಸುಮಾತಿನಲ್ಲಿ ಹೇಳಿಕೊಳ್ಳುವ, ಗಂಡಸರೆದುರು ಬಾಯಿಬಿಡದ ಬೇನೆಯೊಂದನ್ನು ಕುರಿತು ಈ ಹೊತ್ತು ನಾವು ಮಾತನಾಡಬೇಕೆಂದಿದ್ದೇವೆ. ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ‘ಡಾಕ್ಟರ್ಸ್ ಕಾರ್ನರ್’ ಎಂದೇ ಹೆಸರಾದ ಕೂಡುರಸ್ತೆಯುಂಟು. ವೈದ್ಯರ ಹೆಸರು ಹೊತ್ತ ಆ ಬೀದಿಯ ಆಸುಪಾಸಿನ ವಿದ್ಯಾವಂತರ ಮನೆಗಳಲ್ಲಿಯೂ ಉರಿಮೂತ್ರಕ್ಕೆ ಮೊದಲು ದೊರೆಯುವ ಉತ್ತರ, ‘ಉಷ್ಣವಾಗಿದೆ, ಬಾರ್ಲಿ ನೀರು ಕುಡಿ’ ಎಂಬುದೇ.

ಬಾರ್ಲಿ ನೀರನ್ನು ನಾವು ಹಳಿಯುವುದಿಲ್ಲ. ಪದೇ ಪದೇ ಈ ಬೇನೆಗೊಳಗಾಗುತ್ತಿದ್ದ, ನೀರು ಕಡಮೆ ಕುಡಿಯುವ ಸ್ತ್ರೀಯರು ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿಯಲು, ಅದರ ಮರುಕಳಿಕೆ ಸುಮಾರು ಅರ್ಧಕ್ಕಿಳಿಯಿತೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿದೆ. (ಹೊರಗೆ ದುಡಿಯುವ ಹೆಂಗಸರು ಶೌಚಗೃಹದ ಅಭಾವದಿಂದಲೇ ನೀರು ಕುಡಿಯಲು ಹಿಂಜರಿಯುವರೆಂಬುದನ್ನು ಕಚೇರಿ ನಡೆಸುವ ಮಹನೀಯರು ಕೇಳಿಸಿಕೊಳ್ಳಲಿ.) ಆದರೆ ತಡೆಯುವುದು ಬೇರೆ, ಬಂದುದನ್ನು ಗುಣಪಡಿಸುವುದು ಬೇರೆ. ಇದಕ್ಕೆ ಕಾರಣ ಉಷ್ಣವಲ್ಲ, ಸೂಕ್ಷ್ಮಜೀವಿ. ಬಹುಪಾಲು ಅದು ನಮ್ಮ ಕರುಳಿನಲ್ಲಿಯೇ ವಾಸಿಸುವ ಇ. ಕೋಲಿ, 1885ರಲ್ಲಿ ಎಷೆರಿಕ್ ಎಂಬ ವೈದ್ಯನು ಅದನ್ನು ವರ್ಣಿಸಿದನು. ಸ್ತ್ರೀಯರಲ್ಲಿ ಮೂತ್ರದ್ವಾರವು ಗುದದ್ವಾರಕ್ಕೆ ಸಮೀಪ. ಮೂತ್ರನಾಳವೋ ಒಂದೂವರೆ ಅಂಗುಲ ಮಾತ್ರ. ಪುರುಷರಲ್ಲಿ ಅದು ಎಂಟು ಅಂಗುಲದಷ್ಟು. ಆದಕಾರಣ ಎಷ್ಟು ಶುಚಿಯಾಗಿರುವವಳಿಗೂ ಇದು ಬರಬಹುದು, ನಾಚಿಕೊಳ್ಳತಕ್ಕದ್ದೇನೂ ಇಲ್ಲ.

ನಾಚಿಕೆಗಿಂತಲೂ ಕೆಟ್ಟದ್ದೊಂದುಂಟು. ಔಷಧದಂಗಡಿಯಲ್ಲಿ ಕೇಳಿ ತಂದ ಮಾತ್ರೆ, ಕಳೆದ ಸಲ ಉಳಿದದ್ದು, ನಾದಿನಿಗೆ ಬರೆದುಕೊಟ್ಟದ್ದು, ಇವನ್ನು ಎರಡು ದಿನ ನುಂಗಿ, ಉರಿ ಇಳಿದೊಡನೆ ಬಿಟ್ಟುಬಿಡುವರು. ಇಂತಹ ಬಳಕೆಯಿಂದ ಕ್ರಿಮಿಗಳು ಔಷಧಕ್ಕೆ ಜಗ್ಗದಂತಾಗಿವೆ. ಹಿಂದೆ ರೂಢಿಯಲ್ಲಿದ್ದ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಮಾತ್ರೆಗಳು ಇಂದು ಭಾರತದಲ್ಲಿ ಅನೇಕರಿಗೆ ನಾಟುವುದಿಲ್ಲ. ಸಾಮಾನ್ಯ ಬೇನೆಗೆ ವೈದ್ಯರು ಈಗ ನೈಟ್ರೋಫ್ಯೂರಂಟಾಯಿನನ್ನು ಐದು ದಿನ, ಇಲ್ಲವೆ ಫಾಸ್ಫೊಮೈಸಿನನ್ನು ಒಂದೇ ಸಲ ಕೊಡುವುದುಂಟು. ಯಾವುದು ಯಾರಿಗೆ ಎಂಬುದು ಅವರ ನಿರ್ಣಯ.

ಚಳಿಜ್ವರ, ಪಕ್ಕೆಯ ನೋವು, ವಾಂತಿ ಕಾಣಿಸಿದರೆ ರೋಗವು ಮೂತ್ರಪಿಂಡಕ್ಕೆ ಏರಿದೆಯೆಂದು ಶಂಕಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಲ್ಲಿ ಉರಿಯೇ ಇಲ್ಲದೆ ಕ್ರಿಮಿಯಿರುವುದುಂಟು. ಆಗಲೂ ಚಿಕಿತ್ಸೆ ಅವಶ್ಯ. ಅವರು ಚೆಲುವಾಂಬ ಆಸ್ಪತ್ರೆಗೆ ಹೋಗಲಿ, ಮನೆಯ ಬಳಿಯ ವೈದ್ಯರಲ್ಲಿಗೆ ಹೋಗಲಿ, ಮೂತ್ರಪರೀಕ್ಷೆಯನ್ನು ತಪ್ಪಿಸತಕ್ಕದ್ದಲ್ಲ.

ಬೇನೆ ಮರುಕಳಿಸುವವರು ಮೊದಲ ಮಾತ್ರೆ ನುಂಗುವ ಮುನ್ನವೇ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕೊಡುವುದು ಲೇಸು. ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುವುದು ಎಂಬುದು ಎರಡು ಮೂರು ದಿನಗಳಲ್ಲಿ ತಿಳಿಯುವುದು. ಮೊದಲ ಸ್ವಲ್ಪವನ್ನು ಬಿಟ್ಟು, ನಡುವಿನ ಮೂತ್ರವನ್ನು ಪ್ರಯೋಗಶಾಲೆಯವರು ಕೊಟ್ಟ ಸೀಸೆಯಲ್ಲಿಯೇ ಹಿಡಿಯಬೇಕು. ಎಷ್ಟು ತೊಳೆದರೂ ಉಪ್ಪಿನಕಾಯಿಯ ಸೀಸೆ ಆಗದು.