ಸಂಸಾರಕ್ಕೊಂದು ಕ್ಯಾಮರಾ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳ ಮಾತು ಕೇಳಿ ಪಳಗಿದ ಈ ಸಭೆಯ ಮುಂದೆ ಕ್ಯಾಮರಾ ಕೊಳ್ಳುವ ವಿಚಾರ ಎತ್ತುವುದು ಸ್ವಲ್ಪ ಸಂಕೋಚದ ಕೆಲಸವೇ ಸರಿ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ಹಬ್ಬ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಇದೇ ಪ್ರಶ್ನೆ, ನಾಲ್ಕು ಮಾತು ಹೇಳಿಬಿಡಿ" ಎಂದರು. ನಾವು ಈ ವಿದ್ಯೆಯಲ್ಲಿ ಪಂಡಿತರಲ್ಲ. ಹಣ ಕೊಟ್ಟು, ತಪ್ಪು ಮಾಡಿ, ಕಲಿತವರು. ಆದಕಾರಣ ಆ ತಪ್ಪಿನಿಂದಲೇ ಪ್ರಾರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಊರಿಗೆ ಹೊರಟಾಗ ಕಂತಿನ ಮೇಲೆ ಒಂದು ಹೊಸ ಕ್ಯಾಮರಾ ಕೊಂಡೆವು. ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ ಎಂದು ಅಂಗಡಿಯವರು ಮೂರು ಸಲ ಹೇಳಿದರು. ನಾವು ಮೂರು ಸಲ ತಲೆಯಾಡಿಸಿದೆವು. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಆ ಸಂಜೆ ಅಜ್ಜಿ ತುಳಸಿಕಟ್ಟೆಯ ಸುತ್ತ ಹಣತೆ ಹಚ್ಚುತ್ತಿದ್ದರು. ನಾವು ಒಂದರ ಮೇಲೊಂದು ಪಟ ತೆಗೆದೆವು. ಮುಂಬಯಿಗೆ ಬಂದು ನೋಡಿದರೆ ಅರ್ಧದಷ್ಟು ಪಟಗಳಲ್ಲಿ ಅಜ್ಜಿಯ ಮುಖ ಕಲಸಿಹೋಗಿದೆ. ಫ್ಲಾಶ್ ಹಾಕಿದ ಉಳಿದವುಗಳಲ್ಲಿ ಮುಖ ಸುಣ್ಣ ಬಳಿದಂತಾಗಿ ಹಣತೆಯ ಬೆಳಕೇ ಮಾಯ. ಮುಂದಿನ ದೀಪಾವಳಿಗೆ ಅಜ್ಜಿ ಇರಲಿಲ್ಲ. ಕೊನೆಗೆ ಅವರ ಆಧಾರ್ ಕಾರ್ಡಿನ ಪಟವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದೆವು.

ಯಂತ್ರದಲ್ಲಿ ದೋಷವಿರಲಿಲ್ಲ; ದೋಷ ಇದ್ದದ್ದು ನಮ್ಮ ಆಯ್ಕೆಯಲ್ಲಿ. ಹಣವನ್ನೆಲ್ಲ ಬಾಡಿಗೆ ಸುರಿದು, ಅದರ ಕಣ್ಣಾದ ಲೆನ್ಸಿನ ಗೋಜಿಗೇ ಹೋಗಿರಲಿಲ್ಲ. ಈ ಸಂಜೆ ನಾವು ಹೇಳಬೇಕೆಂದಿರುವುದು ಇದೊಂದೇ: ಬಾಡಿಯಲ್ಲಿ ಉಳಿಸಿ, ಲೆನ್ಸಿಗೆ ಖರ್ಚು ಮಾಡಿ.

ಮೊದಲು ಮೆಗಾಪಿಕ್ಸೆಲ್ಲಿನ ಭೂತವನ್ನು ಬಿಡಿಸೋಣ. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕೆ ಮಾತ್ರ. ಒಂದು ಪಟ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಅಂದು ಚುಕ್ಕೆಗಳಿಗೆ ಬರವಿತ್ತು, ಇಂದು ಇಲ್ಲ. ಆಲ್ಬಮ್ಮಿಗೆ ಹಾಕುವ ನಾಲ್ಕು-ಆರು ಇಂಚಿನ ಪಟವನ್ನು ಒಳ್ಳೆಯ ದರ್ಜೆಯಲ್ಲಿ ಅಚ್ಚು ಹಾಕಲು ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚು ಸಾಕು. ಎ4 ಹಾಳೆಯ ಅಳತೆಗೆ ಒಂಬತ್ತು ಸಾಕು. ಹತ್ತು ವರ್ಷ ಹಳೆಯ ಕ್ಯಾಮರಾದಲ್ಲೂ ಇದಕ್ಕಿಂತ ಹೆಚ್ಚೇ ಇರುತ್ತದೆ.

"ಕೈಯಲ್ಲಿ ಮೊಬೈಲ್ ಇರುವಾಗ ಕ್ಯಾಮರಾ ಏಕೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಗಲು ಬೆಳಕಿನಲ್ಲಿ, ನಿಂತ ಮನುಷ್ಯರನ್ನು ತೆಗೆಯುವುದಕ್ಕೆ ಮೊಬೈಲೇ ಧಾರಾಳ. ಅಷ್ಟರಲ್ಲೇ ತೃಪ್ತಿಯಿದ್ದವರು ದಯವಿಟ್ಟು ಹಣ ಕಳೆಯಬೇಡಿ. ಆದರೆ ಮಂದ ಬೆಳಕಿನ ದೇವರ ಕೋಣೆ, ಓಡಾಡುವ ಮಗು, ದೂರದ ರಂಗಸ್ಥಳ, ಈ ಮೂರರಲ್ಲಿ ಕ್ಯಾಮರಾದ ದೊಡ್ಡ ಸೆನ್ಸರೂ ದೊಡ್ಡ ಲೆನ್ಸೂ ಕೆಲಸಕ್ಕೆ ಬರುತ್ತವೆ. ನಮ್ಮ ಮನೆಗಳ ಮರೆಯಲಾಗದ ಗಳಿಗೆಗಳು ಹೆಚ್ಚಾಗಿ ಈ ಮೂರರಲ್ಲೇ ಅಲ್ಲವೇ?

ಇನ್ನು ಲೆನ್ಸಿನ ವಿಷಯ. ಲೆನ್ಸಿನ ಮೇಲೆ ಎರಡು ಬಗೆಯ ಅಂಕಿ ಇರುತ್ತವೆ. ಮಿಲಿಮೀಟರಿನ ಅಂಕಿ ಎಷ್ಟು ಅಗಲದ ನೋಟ ಎಂದು ಹೇಳುತ್ತದೆ. 'ಎಫ್' ಅಂಕಿ ಕಿಟಕಿ ಎಷ್ಟು ತೆರೆಯುತ್ತದೆಂದು ಹೇಳುತ್ತದೆ. ಎಫ್ ಅಂಕಿ ಸಣ್ಣದಾದಷ್ಟೂ ಕಿಟಕಿ ದೊಡ್ಡದು. ಕ್ಯಾಮರಾದೊಡನೆ ಬರುವ 18-55 ಕಿಟ್ ಲೆನ್ಸು 55ಕ್ಕೆ ಎಳೆದಾಗ ಸಾಮಾನ್ಯವಾಗಿ ಎಫ್/5.6, ಆಗ ಅದರ ಕಿಟಕಿ ಹತ್ತು ಮಿಲಿಮೀಟರು, ಒಂದು ಕಾಬೂಲಿ ಕಡಲೆಯಷ್ಟು. 50 ಎಂಎಂ ಎಫ್/1.8 ಲೆನ್ಸಿನ ಕಿಟಕಿ 28 ಮಿಲಿಮೀಟರು, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಾಲು ಹೆಚ್ಚು. ಕಿಟ್ ಲೆನ್ಸಿಗೆ ಸೆಕೆಂಡಿನ ಹನ್ನೆರಡನೆಯ ಒಂದು ಪಾಲು ಹೊತ್ತು ಬೇಕಾದಲ್ಲಿ ಇದಕ್ಕೆ ನೂರಿಪ್ಪತ್ತನೆಯ ಒಂದು ಪಾಲು ಸಾಕು. ಮೊದಲಿನದರಲ್ಲಿ ಅಜ್ಜಿಯ ಕೈ ಕಲಸುತ್ತದೆ. ಎರಡನೆಯದರಲ್ಲಿ ಹಣತೆ ಹಿಡಿದ ಕೈ ನಿಲ್ಲುತ್ತದೆ. ಅಂದು ನಮಗೆ ಬೇಕಾಗಿದ್ದದ್ದು ಇದೇ.

ಆದರೆ 50 ಎಂಎಂ ಲೆನ್ಸಿಗೆ ಮನೆ ದೊಡ್ಡದಿರಬೇಕು. ಕಡಿಮೆ ಬೆಲೆಯ ಕ್ಯಾಮರಾಗಳ ಸೆನ್ಸರು, ಎಪಿಎಸ್-ಸಿ ಎನ್ನುತ್ತಾರೆ, ಸುಮಾರು 23 ಮಿಲಿಮೀಟರು ಅಗಲ. ಹತ್ತು ಅಡಿ ದೂರ ನಿಂತರೆ 50ರಲ್ಲಿ ಹಿಡಿಯುವುದು ನಾಲ್ಕೂವರೆ ಅಡಿಯ ಆಸುಪಾಸು. 35ರಲ್ಲಿ ಆರೂವರೆ ಅಡಿಗೂ ಮಿಕ್ಕಿ. ನಮ್ಮ ಮುಂಬಯಿಯ ಕೋಣೆಗಳಲ್ಲಿ ಹತ್ತು ಅಡಿ ಹಿಂದೆ ಸರಿದರೆ ಬೆನ್ನು ಗೋಡೆಗೆ ತಗಲುತ್ತದೆ. ಆದಕಾರಣ ಮನೆಯೊಳಗಿನ ಬಳಕೆಗೆ 35 ಎಂಎಂ ಎಫ್/1.8 ಹೆಚ್ಚು ಅನುಕೂಲ. ನಿಕಾನಿನವರ ಡಿಎಕ್ಸ್ 35 ಎಂಎಂ 2009ರಿಂದ ಚಲಾವಣೆಯಲ್ಲಿದೆ. ಕ್ಯಾನನ್ ಇರುವವರಿಗೆ 2014ರ 24 ಎಂಎಂ ಎಫ್/2.8, ಒಂಟಿ ಮುಖಗಳಿಗೆ 2015ರ 50 ಎಂಎಂ ಎಫ್/1.8 ಎಸ್‌ಟಿಎಂ. ಇಡೀ ಬಳಗ ಸಾಲಾಗಿ ಕುಳಿತಾಗ ಕಿಟ್ ಲೆನ್ಸೇ ಇರಲಿ, ಅದನ್ನು ಮಾರಬೇಡಿ.

ಯಕ್ಷಗಾನ, ನಾಟಕಗಳ ಪಟ ತೆಗೆಯುವ ಹುಚ್ಚಿರುವವರಿಗೆ 55-200 ಅಥವಾ 55-250ರ ಜೂಮ್ ಬೇಕಾಗುತ್ತದೆ. ವರ್ಷಕ್ಕೆ ಎರಡೇ ಸಲ ಬೇಕೆಂದರೆ ಕೊಳ್ಳಬೇಡಿ. ಸ್ನೇಹಿತರಿಂದ ಕೇಳಿ ತನ್ನಿ, ಇಲ್ಲವೆ ಬಾಡಿಗೆಗೆ ತನ್ನಿ.

ಹೊಸದೋ, ಹಳೆಯದೋ? ದೊಡ್ಡ ಕಂಪನಿಗಳ ಗಮನ ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮರಾಗಳ ಕಡೆಗೆ ತಿರುಗಿದೆ. ಅದರ ಫಲವಾಗಿ ಕನ್ನಡಿಯುಳ್ಳ ಡಿಎಸ್‌ಎಲ್‌ಆರ್‌ಗಳು ಕೈಬದಲಾದ ಮಾಲಾಗಿ ಸುಲಭ ಬೆಲೆಗೆ ದೊರೆಯುತ್ತವೆ. 2018ರಲ್ಲಿ ಬಂದ ನಿಕಾನ್ ಡಿ3500 ಈಗ ತಯಾರಾಗುತ್ತಿಲ್ಲ. ಆದರೂ ಸಂಸಾರದ ಕೆಲಸಕ್ಕೆ ಅದಕ್ಕಾಗಲಿ, 2017ರ ಕ್ಯಾನನ್ 200ಡಿಗಾಗಲಿ ಕೊರತೆಯಿಲ್ಲ. ನಮ್ಮ ಲೆಕ್ಕ ಹೀಗೆ: ಹತ್ತು ರೂಪಾಯಿ ಇದ್ದರೆ ಬಾಡಿಗೆ ಐದು, ಲೆನ್ಸಿಗೆ ನಾಲ್ಕು, ಕಾರ್ಡು ಚೀಲಗಳಿಗೆ ಒಂದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಚಾಚುವ ಕಾಲು ಮಾತ್ರ ಲೆನ್ಸಿನ ಕಡೆಗಿರಲಿ.

ಫೋರ್ಟಿನ ಬೋರಾ ಬಜಾರಿಗೋ ಬೇರೆಲ್ಲಿಗೋ ಹಳೆಯ ಮಾಲು ನೋಡಲು ಹೋಗುವವರು ಒಂದು ಟಾರ್ಚು, ಒಂದು ಮೆಮೊರಿ ಕಾರ್ಡು ಜೊತೆಗೆ ಒಯ್ಯಿರಿ. ಲೆನ್ಸಿನ ಒಂದು ಬದಿಯಿಂದ ಟಾರ್ಚು ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಬೂಷ್ಟು, ಕೈಮುಗಿದು ಬಂದುಬಿಡಿ. ಎಫ್/16ಕ್ಕೆ ಇಟ್ಟು ಬರಿಯ ಆಕಾಶದ ಪಟ ತೆಗೆಯಿರಿ. ಸೆನ್ಸರಿನ ಮೇಲೆ ಕೂತ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಬ್ಯಾಟರಿ ಉಬ್ಬಿದೆಯೇ ನೋಡಿ. ಇದುವರೆಗೆ ಎಷ್ಟು ಪಟ ತೆಗೆದ ಯಂತ್ರವೆಂದು ಕೇಳಿ. ಡಿ3500ರಂಥದರ ಷಟರನ್ನು ಒಂದು ಲಕ್ಷ ಪಟಕ್ಕೆ ಪರೀಕ್ಷಿಸಿರುತ್ತಾರೆ, ಇಪ್ಪತ್ತು ಸಾವಿರವಾಗಿದ್ದರೆ ಹೆದರಬೇಕಾಗಿಲ್ಲ. ಇನ್ನೊಂದು ಬಲೆಯಿದೆ: ಡಿ3500ರ ಬಾಡಿಯಲ್ಲಿ ಫೋಕಸ್ ಮಾಡುವ ಮೋಟಾರು ಇಲ್ಲ. ಅಗ್ಗವೆಂದು ಹಳೆಯ 'ಎಎಫ್-ಡಿ' ಲೆನ್ಸು ತಂದರೆ ಪ್ರತಿ ಪಟಕ್ಕೂ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. 'ಎಎಫ್-ಎಸ್' ಎಂಬ ಅಕ್ಷರ ನೋಡಿಯೇ ಹಣ ಕೊಡಿ.

ತಂದಮೇಲೆ ಕಾಪಾಡುವುದೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ತೇವಕ್ಕೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಲೆನ್ಸು ಯಾವ ಲೆಕ್ಕ? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿ ಇಡಿ. ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ. ಎಲ್ಲಕ್ಕಿಂತ ಒಳ್ಳೆಯ ಔಷಧವೆಂದರೆ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು.

ತೆಗೆಯುವುದು ಏನನ್ನು? ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, 1977ರಲ್ಲಿ ಪದ್ಮಶ್ರೀ ಪಡೆದು, 2009ರಲ್ಲಿ ನಮ್ಮನ್ನಗಲಿದ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಸಾಮಾನ್ಯ ಜನರ ದಿನನಿತ್ಯದ ಬಾಳೇ ಅವರ ವಸ್ತು. ನಮಗೂ ಅದೇ ಸಾಕು. ಅಮ್ಮ ದೋಸೆ ಹುಯ್ಯುವುದು, ಅಪ್ಪ ಪತ್ರಿಕೆ ಓದುತ್ತ ತೂಕಡಿಸುವುದು, ಸಂಘದ ಮಕ್ಕಳು ಬಣ್ಣ ಹಚ್ಚಿಕೊಳ್ಳುವುದು, ಇವನ್ನು ಹಬ್ಬಕ್ಕೆ ಕಾಯದೆ ತೆಗೆಯಿರಿ.

ಕೊನೆಯದಾಗಿ ಒಂದು ಬಿನ್ನಹ. ಪಟಗಳು ಕಂಪ್ಯೂಟರಿನಲ್ಲೇ ಕೊಳೆಯದಿರಲಿ. ಎರಡು ಕಡೆ ಪ್ರತಿ ಇಡಿ. ವರ್ಷಕ್ಕೆ ಇಪ್ಪತ್ತನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ. ಹಿಂಬದಿಯಲ್ಲಿ ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮೆತ್ತಗಿನ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆಯಿರಿ. ನಮ್ಮ ಮಕ್ಕಳಲ್ಲಿ ಅನೇಕರು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಓದಿ ಬೆಳೆಯುತ್ತಿದ್ದಾರೆ. ಮುತ್ತಜ್ಜಿಯ ಹೆಸರೇನೆಂದು ಓದಿಕೊಳ್ಳುವುದಕ್ಕಾದರೂ ಅವರು ಈ ಅಕ್ಷರ ಕಲಿಯಲಿ.

ನಮ್ಮ ಮನೆಯ ಗೋಡೆಯ ಮೇಲೆ ಆ ಆಧಾರ್ ಕಾರ್ಡಿನ ಪಟ ಈಗಲೂ ಇದೆ. ಅದರ ಪಕ್ಕದಲ್ಲಿ ಅತ್ತೆಯವರದೊಂದು ಇದೆ: ಗೌರಿ ಹಬ್ಬದ ದಿನ, ದೀಪದ ಬೆಳಕಿನಲ್ಲಿ, ಹಳೆಯ ಬಾಡಿಯೂ 35ರ ಲೆನ್ಸೂ ಹಿಡಿದು ತೆಗೆದದ್ದು. ಅವರು ದಿನವೂ ಅದನ್ನು ನೋಡಿ, "ನಾನು ಇಷ್ಟು ಮುದುಕಿಯೇನೇ?" ಎಂದು ಸೊಸೆಯನ್ನು ಕೇಳುತ್ತಾರೆ. ಆ ಪ್ರಶ್ನೆ ಕೇಳಲು ಅವರಿರುವಾಗಲೇ ಪಟ ತೆಗೆದೆವಲ್ಲ ಎಂಬುದೇ ನಮ್ಮ ಸಮಾಧಾನ.